ಗುರುಸಿದ್ದನ ಟರ್ಬೊ, ಅಕ್ಕವ್ವನ ಟ್ರಂಕು

ಇಚಲಕರಂಜಿ ಪಕ್ಕದ ಕೊರೋಚಿಯಲ್ಲಿ ಗುರುಸಿದ್ದನನ್ನು ಹೀಯಾಳಿಸುವುದು ದಂಡದ ಕೆಲಸ. ಯಾರಾದರೂ ಬಾಯಿ ತೆರೆಯುವಷ್ಟರಲ್ಲಿ ಆ ಕೆಲಸವನ್ನು ಅವನೇ ಮುಗಿಸಿರುತ್ತಾನೆ. ಅವನ ಬೋಳುತಲೆಯ ಬಗ್ಗೆ ಯಾರೂ ಮಾತೆತ್ತುವ ಹಾಗಿಲ್ಲ. “ದೇವರು ನನ್ನ ತಲಿ ಮಾಡೂಮುಂದ ಒಳಗ ಮಾಲು ತುಂಬಾಕ ಮರತಾನ. ಈಗ ಮ್ಯಾಲಿನ ಹುಲ್ಲೂ ಕೊಯ್ಕೊಂಡು ಹೋಗ್ಯಾನ” ಎಂದು ತಾನೇ ಹೇಳಿ, ಎಲ್ಲರಿಗಿಂತ ಮೊದಲು ತಾನೇ ನಗುತ್ತಾನೆ. ಹೀಗೆ ತನ್ನನ್ನು ತಾನೇ ಬೈದುಕೊಳ್ಳುವವನಿಗೆ ಒಂದು ಲಾಭವಿದೆ. ಏನನ್ನು ಬೈಯಬೇಕು, ಏನನ್ನು ಬಿಡಬೇಕು ಎಂಬ ಲಗಾಮು ಅವನ ಕೈಯಲ್ಲೇ ಇರುತ್ತದೆ.

ಬನಹಟ್ಟಿಯ ನೇಕಾರರ ಮನೆಯ ಹುಡುಗ ಇಪ್ಪತ್ತೆರಡನೆಯ ವಯಸ್ಸಿಗೆ ಇಚಲಕರಂಜಿಗೆ ಬಂದು ಪವರ್‌ಲೂಮಿನ ಶೆಡ್ಡು ಸೇರಿದ. ಸೇರಿ ಮೂವತ್ತೈದು ವರ್ಷವಾಯಿತು. ಅವನು ಜಾಬರ್, ಅಂದರೆ ಮಗ್ಗ ನಿಂತಲ್ಲಿಗೆ ಓಡಿಹೋಗಿ ಅದನ್ನು ಮತ್ತೆ ನಡೆಸಿಕೊಡುವವನು. ಮಗ್ಗಗಳ ಖಟಖಟಕ್ಕೆ ಕಿವಿ ಅರ್ಧ ಹೋಗಿದೆ. ಯಂತ್ರದ ಒಳಗಿನ ಸದ್ದು ಕೇಳಬೇಕಾದರೆ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಕಬ್ಬಿಣಕ್ಕೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾನೆ. ಹೊಸದಾಗಿ ನೋಡಿದವರಿಗೆ ಈ ಮನುಷ್ಯ ಮಗ್ಗವನ್ನು ತಿನ್ನಲು ಹೊರಟಿದ್ದಾನೆ ಅನ್ನಿಸಬೇಕು. ಅದನ್ನೂ ಅವನೇ ಹೇಳಿ ನಗಿಸುತ್ತಾನೆ.

ಇಂಥವನು ಒಂದೇ ಒಂದು ತಪ್ಪನ್ನು ಮಾತ್ರ ಯಾರೆದುರೂ ಆಡಿಕೊಂಡು ನಕ್ಕಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವುದು ತಪ್ಪಲಿ ಎಂದು ಎರಡು ವರ್ಷ ಕೂತು ಒಂದು ಇಂಜಿನ್ ಕಟ್ಟಿದ.

ತಪ್ಪು ನಡೆದದ್ದು ಅವನ ಮದುವೆಯ ಮರುದಿನ. ಹೆಂಡತಿ ಯಮುನವ್ವ ಗಡಹಿಂಗ್ಲಜದವಳು. ಮದುವೆ ಅಲ್ಲೇ ನಡೆಯಿತು. ಮದುವಣಗಿತ್ತಿಯನ್ನು ಕರೆತರಲಿ ಎಂದು ಶೆಡ್ಡಿನ ಮಾಲಕ ರಾವಸಾಹೇಬ ಸೇಠ ತನ್ನ ಬಿಳಿ ಅಂಬಾಸಿಡರ್ ಕಾರನ್ನು ಡ್ರೈವರ್ ಸಮೇತ ಕೊಟ್ಟಿದ್ದ. ಜಾಬರ್ ಹುಡುಗನೊಬ್ಬ ಸೇಠನ ಕಾರಿನಲ್ಲಿ ಹೆಂಡತಿಯನ್ನು ತರುವುದೆಂದರೆ ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ಹೊರಡುವ ಬೆಳಿಗ್ಗೆ ನೋಡಿದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಕಾಣೆಯಾಗಿತ್ತು. ಡ್ರೈವರ್ ಎಲೆಅಡಿಕೆ ತರಲು ಹೋಗಿದ್ದ. ಜಾಬರನ ಜೇಬಿನಲ್ಲಿ ಕೈ ಒರೆಸಲು ಯಾವಾಗಲೂ ಒಂದು ಮುಷ್ಟಿ ಕಚ್ಚಾ ನೂಲು ಇರುತ್ತದೆ, ಮಗ್ಗದಿಂದ ಉಳಿದ ಸಿಕ್ಕುನೂಲು. ಗುರುಸಿದ್ದನ ಜೇಬಿನಲ್ಲಿ, ಅದೂ ಮದುವಣಿಗನ ಕೋಟಿನ ಜೇಬಿನಲ್ಲಿ, ಧೋತರದ ಅಂಚಿಗೆ ಹಾಕುವ ಕೆಂಪು ನೂಲಿನ ಉಂಡೆಯಿತ್ತು. ಅದನ್ನೇ ಟ್ಯಾಂಕಿನ ಬಾಯಿಗೆ ತುರುಕಿದ. ಮಗ್ಗದ ಎಣ್ಣೆಡಬ್ಬಿಗೆ ದಿನಾ ಹಾಗೆಯೇ ಮಾಡುತ್ತಿದ್ದ, ಯಾವ ಎಣ್ಣೆಡಬ್ಬಿಯೂ ತಕರಾರು ಮಾಡಿರಲಿಲ್ಲ.

ಅತ್ತೆ ಅಕ್ಕವ್ವ ಅದನ್ನು ಕಂಡು ಕೇಳಿದ್ದಳು. “ಏನಪಾ ಅದು ಕೆಂಪಂದು?”

“ಗಾಡಿಗೆ ದೃಷ್ಟಿ ಆಗಬಾರ್ದು ಅಂತ್ರಿ, ಅತ್ತಿ” ಎಂದಿದ್ದ ಅಳಿಯ. ಅಕ್ಕವ್ವನಿಗೆ ಅಳಿಯನ ದೈವಭಕ್ತಿ ಹಿಡಿಸಿತು.

ಅದೇ ಕಾರಿನ ಡಿಕ್ಕಿಯಲ್ಲಿ ಅಕ್ಕವ್ವ ಮಗಳಿಗೆ ಕೊಟ್ಟ ಹಸಿರು ಟ್ರಂಕು ಇತ್ತು. ಅದರಲ್ಲಿ ಒಂದು ತಾಮ್ರದ ಹಂಡೆ, ಹಿತ್ತಾಳೆಯ ದೀಪದ ಸಮೆ, ಮತ್ತು ಅವಳೇ ಎರಡು ವರ್ಷ ಕೂತು ಹೊಲಿದ ಆರು ಕೌದಿಗಳು. ಹಳೆ ಸೀರೆಗಳನ್ನು ಪದರು ಪದರಾಗಿ ಇಟ್ಟು, ಅಂಗುಲಕ್ಕೆ ಐದು ಹೊಲಿಗೆ ಬೀಳುವ ಹಾಗೆ ಹೊಲಿಯುವುದರಲ್ಲಿ ಅಕ್ಕವ್ವನಿಗೆ ಆ ಓಣಿಯಲ್ಲೇ ಹೆಸರಿತ್ತು.

ಗಡಹಿಂಗ್ಲಜ ಬಿಟ್ಟು ಹತ್ತು-ಹನ್ನೆರಡು ಕಿಲೋಮೀಟರ್ ಬಂದರೆ ಒಂದು ಏರು ಸಿಗುತ್ತದೆ. ಸುತ್ತಲಿನವರು ಅದಕ್ಕೆ ಹುಣಸಿ ಏರು ಎನ್ನುತ್ತಾರೆ, ಹುಣಸೆಮರ ಒಂದೂ ಇಲ್ಲದಿದ್ದರೂ. ಕಾರು ಅದರ ಅರ್ಧಕ್ಕೆ ಬಂದು ಎರಡು ಸಲ ಕೆಮ್ಮಿ ನಿಂತಿತು. ಹಿಂದಿನ ಟೆಂಪೊದಿಂದ ಬೀಗರೆಲ್ಲ ಇಳಿದು ಸುತ್ತ ನಿಂತರು. ಡ್ರೈವರ್ ಬಾನೆಟ್ ಎತ್ತಿ, ಪೆಟ್ರೋಲ್ ಬರುತ್ತಿಲ್ಲ ಎಂದ. ಬಾಸಿಂಗ ಕಟ್ಟಿಕೊಂಡ ಗುರುಸಿದ್ದ ಸುಮ್ಮನೆ ಹಿಂದಕ್ಕೆ ಹೋಗಿ ಟ್ಯಾಂಕಿನ ಬಾಯಿ ನೋಡಿದ. ನೂಲಿನ ಉಂಡೆ ಒಳಗೆ ಬಿದ್ದಿತ್ತು. ಅಂಚಿಗೆ ನಾಲ್ಕು ಎಳೆ ಮಾತ್ರ ಅಂಟಿಕೊಂಡಿದ್ದವು. ಆ ನಾಲ್ಕು ಎಳೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡ.

“ಯಾಕ ನಿಂತೈತಿ?” ಎಂದು ಯಾರೋ ಕೇಳಿದರು.

“ವಜ್ಜಾ ಭಾಳ ಆಗೇತ್ರಿ” ಎಂದ ಗುರುಸಿದ್ದ. “ಏರಿಗೆ ಎಳಿವಲ್ದು. ಆ ಟ್ರಂಕು ಇಳಸ್ರಿ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಲ ತಿರುಗಿ ಮಾತಾಡುವುದಿಲ್ಲ ಎಂಬ ಧೈರ್ಯ ಅವಳಿಗೆ. ಟ್ರಂಕೂ ಮಾತಾಡಲಿಲ್ಲ. ಅದನ್ನು ರಸ್ತೆಗೆ ಇಳಿಸಿ, ಹಗುರ ಮಾಡಿ ಮತ್ತೆ ಏರಿಸಬಹುದೇ ಎಂದು ಮುಚ್ಚಳ ತೆಗೆದು, ಒಂದೊಂದೇ ಕೌದಿಯನ್ನು ಧೂಳಿನಲ್ಲಿ ಹರಡಿದರು. ಅಷ್ಟರಲ್ಲಿ ಡ್ರೈವರ್ ಪೆಟ್ರೋಲಿನ ಪೈಪಿಗೆ ಬಾಯಿಟ್ಟು ಊದಿ, ಉಗುಳಿ, ಮತ್ತೆ ಊದಿ ಸ್ಟಾರ್ಟ್ ಮಾಡಿದ. ಕಾರು ಗುರ್ ಎಂದಿತು. ಟ್ರಂಕು ಇಳಿಸಿದ ಕೂಡಲೇ ಕಾರು ಹೊರಟಿತು ಎಂದು ಇಡೀ ದಿಬ್ಬಣ ಕಣ್ಣಾರೆ ಕಂಡಿತು. ಇದಕ್ಕಿಂತ ಸಾಕ್ಷಿ ಬೇಕೆ? ಟ್ರಂಕು ಮೂರು ದಿನದ ಮೇಲೆ ಕಬ್ಬಿನ ಲಾರಿಯಲ್ಲಿ ಬಂತು, ಎರಡು ಕೌದಿ ಕಡಿಮೆಯಾಗಿ.

ಆವತ್ತಿನಿಂದ ತವರಿನಲ್ಲಿ ಯಮುನವ್ವ ಟ್ರಂಕಿನ ಯಮುನಿ. ಹಬ್ಬಕ್ಕೆ ಹೋದರೂ ಮಾತು ಅದೇ, ಮದುವೆಗೆ ಹೋದರೂ ಅದೇ. ಅಣ್ಣ ಕೃಷ್ಣಾತ ಆ ಕಥೆಯನ್ನು ಪ್ರತಿವರ್ಷ ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳುತ್ತಿದ್ದ. ಯಮುನವ್ವ ಸಣ್ಣಗೆ ನಕ್ಕು ಸೆರಗು ಸರಿ ಮಾಡಿಕೊಳ್ಳುವಳು. ಅಕ್ಕವ್ವ ಮಾತ್ರ ನಗುತ್ತಿರಲಿಲ್ಲ. “ತಪ್ಪು ನಂದ. ಎರಡು ಕೌದಿ ಕಡಿಮಿ ಹಾಕಬೇಕಿತ್ತು” ಎನ್ನುವಳು. ಆಗ ಗುರುಸಿದ್ದ ತನ್ನ ತಲೆಯ ಬಗ್ಗೆಯೋ ಕಿವಿಯ ಬಗ್ಗೆಯೋ ಒಂದು ಮಾತು ಆಡಿ ಎಲ್ಲರನ್ನೂ ನಗಿಸಿಬಿಡುತ್ತಿದ್ದ. ಮಂದಿ ನಗುವಾಗ ಹಳೆಯ ಮಾತು ಮುಳುಗಿಹೋಗುತ್ತದೆ. ಆದರೆ ಅವನ ಹೊಟ್ಟೆಯಲ್ಲಿ ಅದು ಮುಳುಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ರಾವಸಾಹೇಬ ಸೇಠನ ಮಗ ಹಳೆಯ ಶೆಡ್ಡು ಕೆಡವಿ ಹೊಸ ನಮೂನೆಯ ಮಗ್ಗ ಹಾಕಿಸಿದ. ಮೂಲೆಯಲ್ಲಿ ಕೋಳಿಗಳು ಮೊಟ್ಟೆಯಿಡಲು ಬಳಸುತ್ತಿದ್ದ ಬಿಳಿ ಅಂಬಾಸಿಡರ್ ಅಡ್ಡವಾಯಿತು. “ಇದನ್ನ ಯಾರರೆ ತಗೊಂಡು ಹೋಗ್ರಿ” ಎಂದ. ಗುರುಸಿದ್ದ ಕೈ ಎತ್ತಿದ. ನಾಲ್ಕು ಜನ ನೂಕಿಕೊಂಡು ಅದನ್ನು ಅವನ ಮನೆಯ ಮುಂದೆ ತಂದು ನಿಲ್ಲಿಸಿದರು.

“ಇದರಾಗ ಏನು ಮಾಡಾವ್ರ ನೀವು?” ಎಂದು ಕೇಳಿದಳು ಯಮುನವ್ವ.

“ನಮ್ಮ ಮದುವಿ ಕಾರ್ ಐತಲ್ಲ. ನನ್ನಂಗ ಹಳೇದಾಗೇತಿ. ನಂದು ರಿಪೇರಿ ಆಗೂದಿಲ್ಲ, ಇದರೆ ಆಗಲಿ.”

ಮನಸ್ಸಿನ ಲೆಕ್ಕ ಬೇರೆಯೇ ಇತ್ತು. ಅದೇ ಕಾರು, ಅದೇ ಟ್ರಂಕು, ಅದೇ ಹೆಂಡತಿ. ಇಷ್ಟನ್ನೂ ಹೊತ್ತು ಅದು ಹುಣಸಿ ಏರನ್ನು ಒಂದೇ ಉಸಿರಿಗೆ ಹತ್ತಿಬಿಟ್ಟರೆ ಟ್ರಂಕಿನ ಮೇಲಿನ ಆರೋಪ ತಾನಾಗಿಯೇ ಬಿದ್ದುಹೋಗುತ್ತದೆ. ಯಾರೂ ಏನನ್ನೂ ಹೇಳಬೇಕಾಗಿಲ್ಲ, ಅವನಂತೂ ಹೇಳಬೇಕಾಗಿಯೇ ಇಲ್ಲ. ಹಾಗೆ ನೋಡಿದರೆ ಕಾರನ್ನು ಮೊದಲಿದ್ದ ಹಾಗೆ ಸರಿ ಮಾಡಿದ್ದರೆ ಸಾಕಿತ್ತು. ಆದರೆ ಅಪರಾಧಿಯ ಮನಸ್ಸಿಗೆ ಸಾಕು ಎಂಬುದು ತಿಳಿಯುವುದಿಲ್ಲ. ಎಲ್ಲಿಯಾದರೂ ಮತ್ತೆ ಅರ್ಧಕ್ಕೆ ನಿಂತರೆ? ಆ ಒಂದು ಹೆದರಿಕೆಗೆ ಟರ್ಬೊ ಹಾಕುವುದೆಂದು ನಿಶ್ಚಯಿಸಿದ.

ಟರ್ಬೊ ಎಂದರೆ ಸೈಲೆನ್ಸರಿನಿಂದ ದಂಡವಾಗಿ ಹೋಗುವ ಹೊಗೆಯ ರಭಸದಿಂದಲೇ ಒಂದು ಪುಟ್ಟ ಪಂಖ ತಿರುಗಿಸಿ, ಇಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಸಾಧನ. ಗಾಳಿ ಹೆಚ್ಚಾದರೆ ಬೆಂಕಿ ಹೆಚ್ಚು, ಬೆಂಕಿ ಹೆಚ್ಚಾದರೆ ಜೋರು ಹೆಚ್ಚು. ಒಲೆಗೆ ಊದುಗೊಳವೆ ಹಿಡಿದ ಹಾಗೆಯೇ. ಗುರುಸಿದ್ದ ಅದನ್ನು ಫೋನಿನಲ್ಲಿ ನೋಡಿ ಕಲಿತ. ಆಮೇಲೆ ಅಂಬಾಸಿಡರ್ ಇಂಜಿನ್ನನ್ನು ಪೂರ್ತಿ ಬಿಚ್ಚಿ ಯಮುನವ್ವನ ಸಂಡಿಗೆ ಒಣಗಿಸುವ ಚಾಪೆಯ ಮೇಲೆ ಹರಡಿದ. ಪಿಸ್ಟನ್ನಿಗೆ ಹೊಸ ರಿಂಗು, ಹೆಡ್ಡಿಗೆ ದಪ್ಪ ಗ್ಯಾಸ್ಕೆಟ್ಟು. ಗುಜರಿಯಲ್ಲಿ ಸತ್ತುಬಿದ್ದ ಒಂದು ಡೀಸೆಲ್ ಗಾಡಿಯ ಟರ್ಬೊ. ಆ ವರ್ಷ ಸಂಡಿಗೆಗೆ ಗ್ರೀಸಿನ ವಾಸನೆ ಬರುತ್ತಿತ್ತು.

ಪೆಟ್ರೋಲ್ ಟ್ಯಾಂಕು ಇಳಿಸಿ ತಲೆಕೆಳಗು ಮಾಡಿದ ದಿನ ತುಕ್ಕಿನ ಪುಡಿಯ ಜೊತೆ ಒಂದು ಕರಿಯ ಉಂಡೆ ಉರುಳಿ ಬಿತ್ತು. ಸತ್ತ ಇಲಿಯೆಂದುಕೊಂಡು ಕಡ್ಡಿಯಿಂದ ಚುಚ್ಚಿದ. ಸಿಪ್ಪೆ ಬಿಟ್ಟು ಒಳಗೆ ಕೆಂಪು ಎಳೆ ಕಂಡಿತು. ಗುರುಸಿದ್ದ ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡ. ಯಮುನವ್ವ ಚಹಾ ತಂದಾಗ ಆ ಉಂಡೆಯನ್ನು ಗಬಕ್ಕನೆ ತಂಬಾಕಿನ ಡಬ್ಬಿಗೆ ಹಾಕಿ ಮುಚ್ಚಿದ. ಮದುವೆಯಾದಂದಿನಿಂದ ಅದು ಅಲ್ಲಿಯೇ ಇತ್ತು ಎಂಬುದು ಅವನಿಗೆ ನಾಚಿಕೆ ತಂದಿತು. ಅಂದಿನಿಂದ ಆ ಡಬ್ಬಿ ಅವನ ಜೇಬಿನಲ್ಲೇ ಉಳಿಯಿತು, ತಂಬಾಕು ಬಿಟ್ಟುಹೋಯಿತು. ಗಂಡ ಚಟ ಬಿಟ್ಟನೆಂದು ಯಮುನವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಟರ್ಬೊವನ್ನು ಇಂಜಿನ್ನಿಗೆ ಕೂಡಿಸಲು ಹೊಗೆ ಹೋಗುವ ಒಂದು ಕವಲುಪೈಪು ಬೇಕು, ಅದು ಬಜಾರಿನಲ್ಲಿ ಸಿಗುವುದಿಲ್ಲ. ಎರಕ ಹೊಯ್ಯಿಸಬೇಕು. ಕೊಲ್ಹಾಪುರದಲ್ಲಿ ಧೋಂಡಿಬಾ ಎಂಬ ಎರಕದವನಿದ್ದ. ಮಗ್ಗದ ಗಾಲಿಗಳನ್ನು ಹೊಯ್ದುಕೊಡುತ್ತಿದ್ದ ಹಳೆಯ ಪರಿಚಯ. ಗುರುಸಿದ್ದ ಕಟ್ಟಿಗೆಯಲ್ಲಿ ಅಚ್ಚು ಕೆತ್ತಿಕೊಂಡು ಬಸ್ಸು ಹಿಡಿದು ಹೋದ. ಧೋಂಡಿಬಾ ಅಚ್ಚನ್ನು ತಿರುಗಿಸಿ ನೋಡಿ, ಇದು ಪೈಪೋ ಆಕಳ ಕೆಚ್ಚಲೋ ಎಂದು ಮರಾಠಿಯಲ್ಲಿ ಕೇಳಿದ. ನಾಲ್ಕು ಮೊಲೆ ಇರುವುದರಿಂದ ಎರಡೂ ಆಗಬಹುದು ಎಂದ ಗುರುಸಿದ್ದ. ಹದಿನೈದು ದಿನಕ್ಕೆ ಕೆಚ್ಚಲು ತಯಾರಾಯಿತು.

ಇಂಜಿನ್ ಮೊದಲ ಸಲ ಸ್ಟಾರ್ಟ್ ಆದದ್ದು ಒಂದು ಭಾನುವಾರ ಬೆಳಿಗ್ಗೆ. ಎರಡು ನಿಮಿಷ ಚೆನ್ನಾಗಿ ನಡೆಯಿತು. ಆಮೇಲೆ ಸೈಲೆನ್ಸರಿನಿಂದ ನೀಲಿಬಿಳಿ ಹೊಗೆ ಹೊರಟು ಓಣಿಯನ್ನೆಲ್ಲ ತುಂಬಿತು. ಸೊಳ್ಳೆಗೆ ಹೊಗೆ ಬಿಡುವ ಗಾಡಿ ಬಂತೆಂದು ಹೆಂಗಸರು ಮನೆಮನೆಯ ಬಾಗಿಲು ತೆರೆದು, ಹಾಸಿಗೆಗಳನ್ನು ಹೊರಗೆ ಹಾಕಿ, “ನಮ್ಮ ಸಂದಿಯಾಗೂ ಸ್ವಲ್ಪ ಬಿಡ್ರಿ” ಎಂದು ಕೇಳಿಕೊಂಡರು. ಗುರುಸಿದ್ದ ಕೆಮ್ಮುತ್ತ, ಹೌದ್ರಿ ಹೌದ್ರಿ ಎನ್ನುತ್ತ ಇಂಜಿನ್ ಬಂದ್ ಮಾಡಿದ. ಅದರ ಮರುವಾರ ಸೊಳ್ಳೆ ಕಡಿಮೆಯಾಗಿತ್ತೆಂದು ಓಣಿಯವರು ಈಗಲೂ ಹೇಳುತ್ತಾರೆ.

ಇಂಜಿನ್ ಬಿಚ್ಚಿದರೆ ಟರ್ಬೊ ತುಂಬ ಎಣ್ಣೆ. ಬಿಚ್ಚಿ ಒರೆಸಿ ಮತ್ತೆ ಕಟ್ಟಿದ, ಮತ್ತೆ ಹೊಗೆ. ಮೂರನೆಯ ಸಲ ಅವನಿಗೆ ತಪ್ಪಿತಸ್ಥ ಸಿಕ್ಕಿದ. ಧೋಂಡಿಬಾನ ಎರಕದಲ್ಲಿ ಬಿರುಕಿದೆ! ಆ ಕಬ್ಬಿಣವನ್ನು ಚೀಲಕ್ಕೆ ಹಾಕಿಕೊಂಡು ಕೊಲ್ಹಾಪುರಕ್ಕೆ ಹೋಗಿ, ಕೆಟ್ಟ ಮಾಲು ಕೊಟ್ಟೆಯೆಂದು ಜಗಳ ತೆಗೆದ. ಧೋಂಡಿಬಾ ಪೈಪನ್ನು ಹಗ್ಗಕ್ಕೆ ತೂಗುಹಾಕಿ ಸುತ್ತಿಗೆಯಿಂದ ಒಂದೇಟು ಕೊಟ್ಟ. ಅದು ಗುಡಿಯ ಗಂಟೆಯಂತೆ ನಾದಗೊಟ್ಟಿತು. ಅರ್ಧ ಕಿವುಡನಾದ ಗುರುಸಿದ್ದನಿಗೂ ಕೇಳಿಸಿತು.

“ಪಾವ್ಣ್ಯಾ, ಆಪಲಾ ಮಾಲ್ ಖಣಖಣೀತ್ ಆಹೇ” ಎಂದ ಧೋಂಡಿಬಾ. “ಚೂಕ್ ಘರೀ ಜಾವೂನ್ ಶೋಧ.”

ನಮ್ಮ ಮಾಲು ಗಟ್ಟಿಯಿದೆ, ತಪ್ಪನ್ನು ಮನೆಗೆ ಹೋಗಿ ಹುಡುಕು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ಗುರುಸಿದ್ದನಿಗೆ ಅದೇ ಮಾತು ಕೊರೆಯುತ್ತಿತ್ತು. ಮತ್ತೆ ಅದೇ ಮಾಡಿದೆನಲ್ಲ, ಮತ್ತೆ ಟ್ರಂಕಿನ ಮೇಲೆ ಹಾಕಿದೆನಲ್ಲ ಎಂದುಕೊಂಡ.

ಮನೆಗೆ ಬಂದರೆ ಬಚ್ಚಲಲ್ಲಿ ಯಮುನವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತ ನೀರನ್ನು ತಂಬಿಗೆಯಿಂದ ಎತ್ತಿ ಹೊರಗೆ ಚೆಲ್ಲುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಆ ಬಚ್ಚಲಿನ ಮೋರಿಯನ್ನು ರಿಪೇರಿ ಮಾಡಿದವನು ಗುರುಸಿದ್ದನೇ. ಕೈಗೆ ಸಿಕ್ಕಿದ ಹೆಬ್ಬೆರಳು ಗಾತ್ರದ ಪೈಪು ಹಾಕಿದ್ದ, ಅದೂ ಸ್ವಲ್ಪ ಮೇಲ್ಮುಖವಾಗಿ.

“ಸುರಿಯಾಕ ಒಂದು ಕೊಡ, ಹೋಗಾಕ ಒಂದು ಕೊಳವಿ” ಎಂದಳು ಯಮುನವ್ವ. “ಹಾಕೂದು ಗೊತ್ತು ನಿಮಗ. ಹಾಕಿದ್ದು ತಿರುಗಿ ಹೆಂಗ ಹೋಗಬೇಕು ಅನ್ನೂದು ಗೊತ್ತಿಲ್ಲ.”

ಗುರುಸಿದ್ದ ಚೀಲ ಹಿಡಿದು ಅಲ್ಲಿಯೇ ನಿಂತುಬಿಟ್ಟ. ಮೂವತ್ತೈದು ವರ್ಷ ಮಗ್ಗಕ್ಕೆ ಎಣ್ಣೆ ಹಾಕಿದವನು. ಮಗ್ಗಕ್ಕೆ ಮೇಲಿನಿಂದ ಎಣ್ಣೆ ಬಿಟ್ಟರೆ ಅದು ಎಲ್ಲಿಗಾದರೂ ಸೋರಿ ನೆಲಕ್ಕೆ ಹೋಗುತ್ತದೆ. ಅದು ತಿರುಗಿ ಬರುವ ದಾರಿಯನ್ನು ಯಾವ ಜಾಬರನೂ ಯೋಚಿಸಿದವನಲ್ಲ. ಟರ್ಬೊಗೆ ಎಣ್ಣೆ ಕೊಡುವ ಪೈಪನ್ನು ಅವನು ಮುತುವರ್ಜಿಯಿಂದ ಮಾಡಿದ್ದ. ಎಣ್ಣೆ ಇಂಜಿನ್ನಿಗೆ ಮರಳುವ ಪೈಪಿಗೆ ಮಗ್ಗದ ಒಂದು ತೆಳು ತಾಮ್ರದ ನಳಿಕೆ ಸಿಕ್ಕಿಸಿದ್ದ, ಅದೂ ಸ್ವಲ್ಪ ಮೇಲ್ಮುಖವಾಗಿ. ಎಣ್ಣೆ ಇಳಿಯಲಾರದೆ ಟರ್ಬೊದಲ್ಲೇ ನಿಂತು, ಉಕ್ಕಿ, ಹೊಗೆಯಾಗುತ್ತಿತ್ತು. ಬಚ್ಚಲಲ್ಲಿ ನೀರು ನಿಂತ ಹಾಗೆಯೇ.

ಎರಡು ಬೆರಳು ದಪ್ಪದ ಪೈಪನ್ನು ನೇರ ಕೆಳಮುಖವಾಗಿ ಹಾಕಿದ ದಿನವೇ ಹೊಗೆ ನಿಂತಿತು. ಟರ್ಬೊ ಸಿಳ್ಳು ಹಾಕತೊಡಗಿತು. ಗುರುಸಿದ್ದನ ಕಿವಿಗೆ ಅದು ಬೀಳಲಿಲ್ಲ. ಸ್ಕ್ರೂಡ್ರೈವರ್ ಹಲ್ಲಲ್ಲಿ ಕಚ್ಚಿ ಕಣ್ಣುಮುಚ್ಚಿ ನಿಂತ. ಒಳಗಿನಿಂದ ಯಮುನವ್ವ ಬಂದು, ಕುಕ್ಕರ್ ಇನ್ನೂ ಒಲೆಯ ಮೇಲೆ ಇಟ್ಟೇ ಇಲ್ಲ, ಸೀಟಿ ಎಲ್ಲಿಂದ ಬರುತ್ತಿದೆ ಎಂದು ಕೇಳಿದಾಗ ಅವನಿಗೆ ಗೆದ್ದೆನೆಂದು ತಿಳಿಯಿತು. ಬಚ್ಚಲಿನ ಮೋರಿ ಸರಿಯಾಗಲು ಇನ್ನೂ ಎಂಟು ದಿನ ಹಿಡಿಯಿತು, ಅದೂ ಅವಳು ಚಹಾ ಬಂದ್ ಮಾಡಿದ ಮೇಲೆ.

ಸುಗ್ಗಿಯ ದಿನಗಳಲ್ಲಿ ಕೃಷ್ಣಾತನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ ಬಂತು. ಗುರುಸಿದ್ದ ಬಿಳಿ ಬಣ್ಣ ಹೊಡೆಸಿದ ಅಂಬಾಸಿಡರಿನಲ್ಲಿ, ಹೊಸ ಮುಚ್ಚಳ ಹಾಕಿದ ಟ್ಯಾಂಕಿನೊಂದಿಗೆ, ಹೆಂಡತಿಯನ್ನೂ ಹಸಿರು ಟ್ರಂಕನ್ನೂ ಕರೆದುಕೊಂಡು ಗಡಹಿಂಗ್ಲಜಕ್ಕೆ ಹೋದ. ಹೋಗುವಾಗ ಹುಣಸಿ ಏರು ಇಳಿಜಾರು, ಅದು ಲೆಕ್ಕಕ್ಕಿಲ್ಲ. ಮರುದಿನ ಬೆಳಿಗ್ಗೆ ಅತ್ತೆಯ ಮನೆಯಲ್ಲಿ ಚಳಿಗೆ ಮುದುಡಿ ಎದ್ದು, ಹೊದ್ದ ಕೌದಿಯನ್ನು ಬೆಳಕಿಗೆ ಹಿಡಿದು, “ನಮ್ಮ ಅತ್ತಿ ಕೌದಿಯಾಗ ಪೇಪರ್ ಓದಬಹುದು ನೋಡ್ರಿ” ಎಂದು ಎಲ್ಲರನ್ನೂ ನಗಿಸಿದ. ಮಾತು ಸುಳ್ಳಲ್ಲ. ಅಕ್ಕವ್ವ ಇತ್ತೀಚಿನ ವರ್ಷಗಳಲ್ಲಿ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೊಲಿದುಕೊಟ್ಟ ಕೌದಿಗಳೆಲ್ಲ ಸೊಳ್ಳೆಪರದೆಯಷ್ಟು ತೆಳು. ವಯಸ್ಸಾಯಿತು, ಸೂಜಿ ಇಳಿಯುವುದಿಲ್ಲ ಎಂದು ಮನೆಯವರು ತಿಳಿದಿದ್ದರು. ಎಂಬತ್ತೈದರ ಅಕ್ಕವ್ವ ಅಳಿಯನ ಕೈಯಿಂದ ಕೌದಿ ತೆಗೆದುಕೊಂಡು ಮಡಚಿಟ್ಟಳು.

ಹೊರಡುವ ದಿನ ಗುರುಸಿದ್ದ ತಾನೇ ನಿಂತು ಟ್ರಂಕು ತುಂಬಿಸಿದ. ಹತ್ತು ಕಿಲೋದ ಎರಡು ಬೆಲ್ಲದ ಪೆಂಟೆ, ಆಜರೆಯ ಅಕ್ಕಿ, ಶೇಂಗಾ, ಮೆಣಸಿನಕಾಯಿ. “ಇನ್ನೂ ಹಾಕ್ರಿ, ಇನ್ನೂ ಹಾಕ್ರಿ” ಎನ್ನುತ್ತಿದ್ದ. ಕೃಷ್ಣಾತನಿಗೆ ಗುಮಾನಿ ಬಂತು.

“ಏರಿಗೆ ನಿಂತ್ರ ನೂಕಾಕ ಆಳು ಬೇಕಲ್ರಿ ದಾಜಿ. ನಾನೂ ಬರ್ತೇನಿ” ಎಂದು ಭಾವನಿಗೆ ಹೇಳಿ ಮುಂದಿನ ಸೀಟಿನಲ್ಲಿ ಕೂತ. ಅಕ್ಕವ್ವ ಮಗಳ ಮನೆಯಲ್ಲಿ ಒಂದು ತಿಂಗಳು ಇರಲು ಹೊರಟಳು. ಅವಳೂ ಯಮುನವ್ವನೂ ಹಿಂದೆ ಕೂತರು. ಕೃಷ್ಣಾತನ ಮನೆಯ ನಾಲ್ಕಾರು ಮಂದಿ ತಮಾಷೆ ನೋಡಲು ಎರಡು ಬೈಕಿನಲ್ಲಿ ಹಿಂದೆ ಬಂದರು.

ಹುಣಸಿ ಏರು ಕಂಡಾಗ ಗುರುಸಿದ್ದ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದ. ಐವತ್ತೇಳು ವರ್ಷದ ಮನುಷ್ಯ, ಮಗ್ಗದ ಶೆಡ್ಡಿನಲ್ಲಿ ಬೆರಳು ತುಂಡಾದಾಗಲೂ ಅಷ್ಟು ಹೆದರಿರಲಿಲ್ಲ. ಗೇರು ಇಳಿಸಿ ಎಕ್ಸಲರೇಟರ್ ಒತ್ತಿದ. ಹಳೆಯ ಜಾಗ ಬಂತು. ಕಾರು ಕೆಮ್ಮಲಿಲ್ಲ. ಟರ್ಬೊ ಸಿಳ್ಳು ಹಾಕಿತು. “ಯಾರೋ ಸೀಟಿ ಹೊಡ್ಯಾಕತ್ತಾರ” ಎಂದಳು ಅಕ್ಕವ್ವ. ಎದುರಿಗೆ ಕಬ್ಬು ಹೇರಿಕೊಂಡು ಏರುತ್ತಿದ್ದ ಟ್ರಾಕ್ಟರನ್ನು ಹಿಂದೆ ಹಾಕಿ, ಅಂಬಾಸಿಡರ್ ಏರಿನ ತುದಿ ಮುಟ್ಟಿತು. ಅಲ್ಲಿ ಒಂದು ಕಬ್ಬಿನಹಾಲಿನ ಅಂಗಡಿ. ಗುರುಸಿದ್ದ ಕಾರು ನಿಲ್ಲಿಸಿ ಇಳಿದ. ಅವನ ಮುಖ ಹೊಸ ಮದುವಣಿಗನ ಹಾಗಿತ್ತು. ಬೈಕಿನವರೂ ಬಂದು ಸೇರಿದರು.

ಕೃಷ್ಣಾತ ಬಾನೆಟ್ಟನ್ನು ಪ್ರೀತಿಯಿಂದ ತಟ್ಟಿದ. “ಖರೇ ಹೇಳ್ತೇನಿ ದಾಜಿ, ಭಾರೀ ಆಗೇತಿ ಇಂಜಿನ್ನು. ಅಂದ್ರ ನಾವು ಹೇಳೂದೂ ಖರೇ ಆತು ನೋಡ್ರಿ. ನಮ್ಮ ಯಮುನಿ ಟ್ರಂಕ ಎಳಿಯಾಕ ಟರ್ಬೊನ ಬೇಕಾತು.”

ಎಲ್ಲರೂ ನಕ್ಕರು. ಅಂಗಡಿಯವನೂ ನಕ್ಕ. ಯಮುನವ್ವ ಸಣ್ಣಗೆ ನಕ್ಕು ಸೆರಗು ಸರಿ ಮಾಡಿಕೊಂಡಳು. ಅಕ್ಕವ್ವ ಕಾರಿನೊಳಗಿನಿಂದಲೇ, “ತಪ್ಪು ನಂದ. ಆವತ್ತ ಎರಡು ಕೌದಿ ಕಡಿಮಿ ಹಾಕಬೇಕಿತ್ತು” ಎಂದಳು.

ಗುರುಸಿದ್ದನ ಕೈಯಲ್ಲಿ ಕಬ್ಬಿನಹಾಲಿನ ಗ್ಲಾಸು ಹಾಗೆಯೇ ಉಳಿಯಿತು. ಎರಡು ವರ್ಷ, ಎಷ್ಟು ಭಾನುವಾರಗಳು, ಕೊಲ್ಹಾಪುರಕ್ಕೆ ಎಷ್ಟು ಬಸ್ಸು! ಅಷ್ಟೆಲ್ಲ ಮಾಡಿ ತನ್ನ ಹಳೆಯ ಸುಳ್ಳಿಗೆ ತಾನೇ ಒಂದು ಹೊಸ ಸಾಕ್ಷಿಯನ್ನು ಕಟ್ಟಿ ನಿಲ್ಲಿಸಿದ್ದ, ಅದೂ ಸಿಳ್ಳು ಹಾಕುವ ಸಾಕ್ಷಿ. ಇದಕ್ಕಿಂತ ದೊಡ್ಡ ದಡ್ಡತನವನ್ನು ಅವನು ತನ್ನ ಬಗ್ಗೆ ಆಡಿಕೊಂಡ ಯಾವ ಮಾತಿನಲ್ಲಿಯೂ ಹೇಳಿರಲಿಲ್ಲ.

“ಟ್ರಂಕಿಂದು ತಪ್ಪಿಲ್ಲ” ಎಂದ. “ಆವತ್ತ ಗಾಡಿ ನಿಂತದ್ದು ನನ್ನಿಂದ.”

“ಶುರು ಆತು ದಾಜೀದು” ಎಂದ ಕೃಷ್ಣಾತ. ನಗೆ ಇನ್ನೂ ಜೋರಾಯಿತು.

“ಖರೇನ ಹೇಳಾಕತ್ತೇನಿ. ನಾ ಸುಳ್ಳು ಹೇಳಿದ್ದೆ.”

“ಮಳಿ ಆಗದಿದ್ರೂ ನಿಮ್ಮ ತಪ್ಪ, ಬೆಲ್ಲದ ರೇಟ್ ಬಿದ್ರೂ ನಿಮ್ಮ ತಪ್ಪ. ನಮಗೇನು ಹೊಸಾದಾ?”

ಒಬ್ಬರೂ ನಂಬಲಿಲ್ಲ. ದಿನಾ ತನ್ನನ್ನು ಬೈದುಕೊಂಡು ನಗಿಸುವವನ ಮಾತಿಗೆ ಮಂದಿ ನಗದೆ ಇನ್ನೇನು ಮಾಡಬೇಕು? ಗುರುಸಿದ್ದ ಗ್ಲಾಸು ಕೆಳಗಿಟ್ಟು ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದ. ಕಾರಿನ ಹಿಂಬಾಗಿಲ ಹತ್ತಿರ ಹೋಗಿ, ಡಬ್ಬಿ ತೆರೆದು ಅಕ್ಕವ್ವನ ಎದುರು ಹಿಡಿದ. ಕರಿಯ ಉಂಡೆಯನ್ನು ಎರಡು ಹೋಳು ಮಾಡಿ ಒಳಗಿನ ಕೆಂಪು ನೂಲು ತೋರಿಸಿದ.

“ಇದು ಪೆಟ್ರೋಲ್ ಟ್ಯಾಂಕಿನ್ಯಾಗ ಸಿಕ್ತು, ಅತ್ತಿ. ನಾನ ತುರುಕಿದ್ದೆ. ಇದು ಒಳಗ ಬಿದ್ದು ಪೈಪ್ ಕಟ್ಟಿತ್ತು. ನಂಗ ಆಗಲೇ ಗೊತ್ತಾಗಿತ್ತು. ಮಂದಿ ಮ್ಯಾಲ ಮಂದಿ ನಿಂತಿದ್ರು, ನಾಚಿಕಿ ಬಂತು. ಟ್ರಂಕಿನ ಮ್ಯಾಲ ಹಾಕಿದೆ.”

ಅಕ್ಕವ್ವ ಆ ನೂಲನ್ನು ಕಣ್ಣ ಹತ್ತಿರ ತಂದು ನೋಡಿದಳು. ಎಳೆಯನ್ನು ಎರಡು ಬೆರಳಲ್ಲಿ ಹೊಸೆದಳು. “ದೃಷ್ಟಿ ಆಗಬಾರ್ದು ಅಂತ ಹೇಳಿದ್ಯಲ್ಲ” ಎಂದಳು.

“ಹೌದ್ರಿ.”

ಈಗ ಯಾರೂ ನಗಲಿಲ್ಲ. ಕೃಷ್ಣಾತ ಬಾನೆಟ್ಟಿನ ಮೇಲಿಂದ ಕೈ ತೆಗೆದ. ಯಮುನವ್ವ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಸಿಟ್ಟು ಬಂದಿತ್ತು, ಅದು ಕಾಣುತ್ತಿತ್ತು. “ಇಷ್ಟು ಒಂದು ಮಾತು ಹೇಳಾಕ ಎರಡು ವರ್ಷ ಇಂಜಿನ್ ಕಟ್ಟಿದ್ರೇನು?” ಎಂದಳು.

“ಹೇಳಬಾರ್ದು ಅಂತನ ಕಟ್ಟಿದ್ದೆ” ಎಂದ ಗುರುಸಿದ್ದ.

ಅಕ್ಕವ್ವ ನೂಲನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಅವಳು ಕೃಷ್ಣಾತನ ಕಡೆ ನೋಡಲಿಲ್ಲ, ಮಗಳ ಕಡೆಯೂ ನೋಡಲಿಲ್ಲ. “ಹಂಗಾರ ನನ್ನ ಕೌದಿ ವಜ್ಜಾ ಇರಲಿಲ್ಲ” ಎಂದಳು ನಿಧಾನವಾಗಿ. “ಆವತ್ತಿಂದ ನಾ ಪ್ರತಿಯೊಂದು ಕೌದಿಗೂ ಎರಡು ಪದರ ಕಡಿಮಿ ಹಾಕೇನಿ. ಹೆಣ್ಮಕ್ಕಳು ಗಂಡನ ಮನಿಗೆ ಹೊತ್ಕೊಂಡು ಹೋಗುವಾಗ ವಜ್ಜಾ ಆಗಬಾರ್ದು ಅಂತ. ಮೂವತ್ತಮೂರು ವರ್ಷ ನನ್ನ ಮಕ್ಕಳು ಮೊಮ್ಮಕ್ಕಳು ಥಂಡ್ಯಾಗ ಮಲಗ್ಯಾರ.”

ಗುರುಸಿದ್ದ ಯಾವತ್ತಿನ ಹಾಗೆ ಒಂದು ನಗೆಮಾತು ಹುಡುಕಿದ. ಸಿಗಲಿಲ್ಲ. ನಿನ್ನೆ ಬೆಳಿಗ್ಗೆ ಕೌದಿಯನ್ನು ಬೆಳಕಿಗೆ ಹಿಡಿದು ತಾನು ಆಡಿದ ಮಾತು ನೆನಪಾಗಿ ಅವನಿಗೆ ಅಳು ಬಂತು. ಕೈಯಿಂದ ಬೋಳುತಲೆ ಸವರಿಕೊಳ್ಳುತ್ತ ನಿಂತ.

“ಟ್ರಂಕು ಇಳಸು” ಎಂದಳು ಅಕ್ಕವ್ವ.

ಅವನು ಡಿಕ್ಕಿ ತೆಗೆದ. ಕೃಷ್ಣಾತ ಕೈ ಹಚ್ಚಲು ಬಂದ. ಅಕ್ಕವ್ವ ಬೇಡವೆಂದು ಬೆರಳು ಆಡಿಸಿದಳು. ಗುರುಸಿದ್ದ ಒಬ್ಬನೇ ಟ್ರಂಕನ್ನು ಎಳೆದು ರಸ್ತೆಗೆ ಇಳಿಸಿದ. ಮೂವತ್ತಮೂರು ವರ್ಷದ ಹಿಂದೆ ಅದು ಕೂತಿದ್ದ ಜಾಗ ಅಲ್ಲಿಂದ ಕಣ್ಣಳತೆಯಲ್ಲೇ ಇತ್ತು.

“ಈಗ ಎತ್ತು. ಎತ್ತಿ, ಎಲ್ಲಾರ ಮುಂದ ಹೇಳು, ವಜ್ಜಾ ಐತೇನು ಅಂತ.”

ಬೆಲ್ಲದ ಎರಡು ಪೆಂಟೆ, ಅಕ್ಕಿ, ಶೇಂಗಾ, ಎಲ್ಲವನ್ನೂ ಇನ್ನೂ ಹಾಕ್ರಿ ಎಂದು ತುಂಬಿಸಿದವನು ಅವನೇ. ಗುರುಸಿದ್ದ ಮೊಣಕಾಲು ಮಡಚಿ, ಎರಡೂ ಹಿಡಿಕೆ ಹಿಡಿದು, ಹಲ್ಲು ಕಚ್ಚಿ ಎದ್ದ. ಸೊಂಟದಲ್ಲಿ ಏನೋ ಚಟ್ ಎಂದಿತು. ಕುತ್ತಿಗೆಯ ನರ ಉಬ್ಬಿದವು, ಬೆವರು ಕಣ್ಣಿಗಿಳಿಯಿತು. ಟ್ರಂಕು ಎದೆಯ ಮಟ್ಟಕ್ಕೆ ಬಂತು.

“ಹಗರ ಐತ್ರಿ, ಅತ್ತಿ” ಎಂದ. “ಭಾಳ ಹಗರ ಐತಿ.”

ಅಕ್ಕವ್ವ ಅವನನ್ನು ಸ್ವಲ್ಪ ಹೊತ್ತು ಹಾಗೆಯೇ ನಿಲ್ಲಿಸಿ ನೋಡಿದಳು. ಆಮೇಲೆ, ಇನ್ನು ಡಿಕ್ಕಿಗೆ ಹಾಕು, ಹೊತ್ತಾಯಿತು ಎಂದಳು.